ಕಣದ ಲೆಕ್ಕದೊಳಗಿನ ಕಥೆ: ದಿನನಿತ್ಯದ ಕೆಲಸವನ್ನು ಓದಿಸಿಕೊಂಡು ಹೋಗುವ ಕಥೆಯಾಗಿಸುವುದು ಹೇಗೆ?

ಕೊಡಗಿನಲ್ಲಿ ಕಥೆ ಬರೆಯಲು ಕೂತವರಲ್ಲಿ ಹೆಚ್ಚಿನವರ ಮೊದಲ ಸಾಲಲ್ಲೇ ಮಂಜು ಇರುತ್ತದೆ. ಆಮೇಲೆ ಬೆಟ್ಟ, ಆಮೇಲೆ ಕಾಫಿ ಹೂವಿನ ಪರಿಮಳ, ಆಮೇಲೆ ಮಳೆ. ಮೊದಲ ಪುಟ ಮುಗಿದರೂ ಮನುಷ್ಯರು ಬಂದಿರುವುದಿಲ್ಲ. ಊರಿನ ಮೇಲಿನ ಪ್ರೀತಿಯಿಂದಲೇ ಹಾಗೆ ಬರೆಯುತ್ತಾರೆ, ಆ ಪ್ರೀತಿ ನಿಜವಾದದ್ದೇ. ಆದರೆ ಆ ಮಂಜನ್ನು ಪ್ರವಾಸಕ್ಕೆ ಬಂದವರೂ ನೋಡುತ್ತಾರೆ, ಫೋಟೋ ತೆಗೆದು ಹಾಕುತ್ತಾರೆ. ಅವರಿಗೆ ಕಾಣದ್ದು, ಇಲ್ಲೇ ಬದುಕುವವರಿಗೆ ಮಾತ್ರ ಒಳಹೊರಗು ಗೊತ್ತಿರುವುದು ಒಂದಿದೆ. ಅದು ಇಲ್ಲಿನ ಕೆಲಸ.

ಹಾಗಂದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. "ನಮ್ಮ ಕೆಲಸದಲ್ಲಿ ಬರೆಯೋಕೆ ಏನಿದೆ? ಬೆಳಿಗ್ಗೆ ಎದ್ದರೆ ತೋಟ, ಸಂಜೆ ಆದರೆ ಕಾಫಿ ಒಣಗಿಸುವ ಕಣ, ವಾರಕ್ಕೊಮ್ಮೆ ಕೂಲಿ ಬಟವಾಡೆ. ದಿನಾ ಅದೇ ಅಲ್ವಾ?" ನನ್ನ ಪ್ರಕಾರ, ದಿನಾ ಅದೇ ಆಗಿರುವುದೇ ಬರೆಯುವವರಿಗೆ ದೊಡ್ಡ ಅನುಕೂಲ. ಕೆಲಸಕ್ಕೆ ಒಂದು ಕ್ರಮ ಇದೆ, ಗಡುವು ಇದೆ, ಯಾರ ಮಾತು ನಡೆಯುತ್ತದೆ ಯಾರದ್ದು ನಡೆಯುವುದಿಲ್ಲ ಅನ್ನುವುದಿದೆ, ಲೆಕ್ಕ ಇದೆ. ಆ ಕ್ರಮದೊಳಗೆ ಒಬ್ಬ ಮನುಷ್ಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾದ ಗಳಿಗೆ ಬರುತ್ತದೆ. ಯಾವುದನ್ನು ಆರಿಸಿದರೂ ಏನಾದರೊಂದು ಕೈಬಿಟ್ಟು ಹೋಗುತ್ತದೆ. ಕಥೆ ಇರುವುದು ಆ ಗಳಿಗೆಯಲ್ಲಿ.

ಕೊಡಗಿನಲ್ಲಿ ಇದಕ್ಕೆ ಹಳೆಯ ದಾರಿಯೇ ಇದೆ. ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1939ರಲ್ಲಿ. ಅಷ್ಟು ಚಿಕ್ಕ ಬದುಕಿನಲ್ಲಿ, ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ಸಂಸಾರ ಮಾಡಿಕೊಂಡೇ ಅವರು ಕಥೆ ಬರೆದರು. ಅವರು ಬರೆದದ್ದು ಎಳೆ ವಯಸ್ಸಿನ ವಿಧವೆಯರ ಬಗ್ಗೆ, ಮದುವೆಯ ಬಗ್ಗೆ, ಹೆಣ್ಣುಮಕ್ಕಳ ಪಾಡಿನ ಬಗ್ಗೆ. ಎಲ್ಲವೂ ಆ ಕಾಲದ ಮನೆಮನೆಯ ಸಂಗತಿ. ಏನಾದರೂ ತೀರ್ಮಾನ ಮಾಡಬೇಕಾದ ಹೆಣ್ಣಿಗೆ ಸಮಾಜ ಬಿಟ್ಟಿರುವ ದಾರಿಗಳು ಎಷ್ಟು ಕಡಿಮೆ ಅನ್ನುವುದು ಅಲ್ಲಿ ಕಾಣುತ್ತದೆ. ಇವತ್ತಿಗೂ ಅವು ಓದಿಸಿಕೊಳ್ಳುವುದಕ್ಕೆ ಅದೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಮೊದಲು ಘಟನೆಗೂ ಕಥೆಗೂ ಇರುವ ವ್ಯತ್ಯಾಸ ನೋಡೋಣ. ರಾತ್ರಿ ಆನೆ ತೋಟಕ್ಕೆ ನುಗ್ಗಿತು, ಹಲಸಿನ ಹಣ್ಣು ತಿಂದು, ಒಂದಿಷ್ಟು ಗಿಡ ಮುರಿದು ಹೋಯಿತು. ಇದು ಘಟನೆ. ಸಿದ್ದಾಪುರದ ಕಡೆ ಇದನ್ನು ಹೇಳಿದರೆ "ಹೌದಾ, ನಮ್ಮಲ್ಲೂ ಬಂದಿತ್ತು" ಅನ್ನುತ್ತಾರೆ, ಅಷ್ಟೇ. ಈಗ ಸ್ವಲ್ಪ ಬದಲಿಸಿ ನೋಡಿ. ಆನೆ ಇನ್ನೂ ತೋಟದೊಳಗೇ ಇದೆ ಅಂತ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂದಿದೆ. ಎಂಟು ಗಂಟೆಗೆ ಕೆಲಸದವರ ಜೀಪು ಬರುತ್ತದೆ. ಇವತ್ತು ಬೇಡ ಅಂದರೆ ಅವರು ನಾಳೆಯಿಂದ ಬೇರೆ ತೋಟಕ್ಕೆ ಹೋಗಿಬಿಡಬಹುದು. ಕಾಫಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದೆ. ಬನ್ನಿ ಅಂದರೆ ಏನು ಬೇಕಾದರೂ ಆಗಬಹುದು. ಆ ಎರಡು ಗಂಟೆ ಕಥೆಗೆ ಸಾಕು. ಆನೆ ಒಂದು ಸಲವೂ ಕಾಣಿಸಿಕೊಳ್ಳದಿದ್ದರೂ ನಡೆಯುತ್ತದೆ.

ಇನ್ನೊಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಇದರಲ್ಲಿ ಆನೆಯೂ ಇಲ್ಲ, ಅಪಾಯವೂ ಇಲ್ಲ. ಬರೀ ತೂಕ.

ಜನವರಿ ತಿಂಗಳು, ರೊಬಸ್ಟಾ ಕಾಫಿಯ ಕೊಯ್ಲು. ಹಣ್ಣಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ತಾವು ಕೊಯ್ದದ್ದನ್ನು ಟಾರ್ಪಾಲಿನ ಮೇಲೆ ಸುರಿದು ಎಲೆ, ಕಡ್ಡಿ, ಹಸಿ ಕಾಯಿ ಆರಿಸುತ್ತಾರೆ. ಆಮೇಲೆ ಗೋಣಿಗೆ ತುಂಬಿ ತೂಕಕ್ಕೆ ತರುತ್ತಾರೆ. ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಒಂದೊಂದೇ ಗೋಣಿಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ನೋಡುತ್ತಾನೆ, ಗೋಣಿಯ ತೂಕ ಕಳೆದು ಹೆಸರಿನ ಮುಂದೆ ಬರೆದುಕೊಳ್ಳುತ್ತಾನೆ. ವಾರದ ಕೊನೆಗೆ ಆ ಪುಸ್ತಕ ನೋಡಿಯೇ ಬಟವಾಡೆ. ಇದನ್ನು ಇದ್ದದ್ದು ಇದ್ದ ಹಾಗೆ ಬರೆದರೆ ವರದಿಯಾಗುತ್ತದೆ. ಓದುವವರು ಹೊಸ ವಿಷಯ ತಿಳಿಯಿತು ಅಂದುಕೊಂಡು ಮುಂದೆ ಹೋಗುತ್ತಾರೆ. ಅವರನ್ನು ಹಿಡಿದು ನಿಲ್ಲಿಸಬೇಕಾದರೆ ಈ ಸಾಲಿನಲ್ಲಿ ನಿಂತವರಲ್ಲಿ ಒಬ್ಬರಿಗಾದರೂ ಏನೋ ತುಂಬಾ ಬೇಕಾಗಿರಬೇಕು, ಅದು ಸುಲಭವಾಗಿ ಸಿಗಬಾರದು.

ಲಕ್ಷ್ಮಿ ಅಂತ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳ ಅತ್ತೆ ಗಂಗೆಯೂ ಅದೇ ತೋಟದಲ್ಲಿ ಕೊಯ್ಯುತ್ತಾಳೆ. ಗಂಗೆಗೆ ವಯಸ್ಸಾಗಿದೆ, ಕೈ ಮೊದಲಿನ ಹಾಗೆ ಓಡುವುದಿಲ್ಲ. ದಿನಕ್ಕೆ 50 ಕೆಜಿ ಆಗದವರು ಬರುವುದು ಬೇಡ ಅಂತ ಸಾಹುಕಾರರು ಈ ವರ್ಷ ಹೇಳಿಬಿಟ್ಟಿದ್ದಾರೆ. ಅತ್ತೆ ಸೊಸೆ ಇರುವ ಲೈನ್ ಮನೆಯನ್ನು, ಅಂದರೆ ತೋಟದ ಕೆಲಸದವರ ಸಾಲುಮನೆಯನ್ನು, ಕೊಟ್ಟಿರುವುದು ಗಂಗೆಗೆ. ಅವಳು ಕೆಲಸ ಬಿಟ್ಟರೆ ಆ ಮನೆಯೂ ಹೋಗಬಹುದು. ಹಾಗಾಗಿ ಮಧ್ಯಾಹ್ನ ಊಟದ ಹೊತ್ತಲ್ಲಿ, ಯಾರೂ ನೋಡದಾಗ, ಲಕ್ಷ್ಮಿ ತನ್ನ ಗೋಣಿಯಿಂದ ಒಂದಿಷ್ಟು ಹಣ್ಣನ್ನು ಅತ್ತೆಯ ಗೋಣಿಗೆ ಸುರಿಯುತ್ತಾಳೆ.

ಇಷ್ಟಕ್ಕೆ ಕಥೆ ಆಯ್ತಾ? ಇನ್ನೂ ಇಲ್ಲ. ಆದರೆ ಒಂದನ್ನು ಗಮನಿಸಿ. ಲಕ್ಷ್ಮಿ ಮಾಡುವುದರಲ್ಲಿ ಮಮತೆಯೂ ಇದೆ, ಮನೆ ಉಳಿಸಿಕೊಳ್ಳುವ ಆಸೆಯೂ ಇದೆ. ಅದರಲ್ಲಿ ಯಾವುದು ಎಷ್ಟು ಅನ್ನುವುದು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಪಾತ್ರಕ್ಕೆ ಜೀವ ಬರುವುದು ಇಂಥ ಕಡೆ. ಬರೀ ಒಳ್ಳೆಯ ಸೊಸೆಯಾಗಿದ್ದರೆ ಓದುವವರು ಮೆಚ್ಚಿ ಮರೆಯುತ್ತಾರೆ. ಎರಡೂ ಕಾರಣ ಇದ್ದಾಗ ಇವಳು ನಿಜವಾಗಿ ಎಂಥವಳು ಅಂತ ನೋಡುತ್ತಾ ಹೋಗುತ್ತಾರೆ.

ಈಗ ರೈಟರ್ ಕಡೆಗೆ ಬನ್ನಿ. ಅವನ ಪುಸ್ತಕದಲ್ಲಿ ಡಿಸೆಂಬರ್‌ನ ಪುಟದಲ್ಲಿ ಲಕ್ಷ್ಮಿಯ ಮುಂದೆ ದಿನಕ್ಕೆ 90 ಕೆಜಿ, ಗಂಗೆಯ ಮುಂದೆ 35 ಇದೆ. ಈ ವಾರ ದಿನಕ್ಕೆ ಲಕ್ಷ್ಮಿಗೆ 70, ಗಂಗೆಗೆ 55. ಕೂಡಿಸಿದರೆ ಆಗಲೂ 125, ಈಗಲೂ 125. ತೋಟಕ್ಕೆ ಒಂದು ಪೈಸೆಯ ನಷ್ಟ ಇಲ್ಲ. ಆದರೆ ಶನಿವಾರ ಸಾಹುಕಾರರು ಪುಸ್ತಕ ನೋಡುತ್ತಾರೆ, ಅವರಿಗೂ ಕೂಡಿಸಲು ಬರುತ್ತದೆ. ಯಾರೂ ಬೈದಿಲ್ಲ, ಯಾರೂ ಅತ್ತಿಲ್ಲ, ಆದರೂ ಈಗ ಒಂದು ಬಿಗಿ ಬಂತು ಅಲ್ವಾ? ಅದು ಬಂದದ್ದು ತೋಟದ ಲೆಕ್ಕದ ಪುಸ್ತಕದಿಂದ. ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ. ಆ ಪುಸ್ತಕ ನೋಡದೆ ಕೊಯ್ಲಿನ ಬಗ್ಗೆ ಬರೆಯುವವರು ಕೆಂಪು ಹಣ್ಣು, ಒರಟು ಕೈ, ಬಿಸಿಲು ಅಂತ ಬರೆದು ಸುಮ್ಮನಾಗುತ್ತಾರೆ.

ಮುಂದಿನ ಪ್ರಶ್ನೆ, ಈ ಕಥೆಯನ್ನು ಯಾರ ಕಣ್ಣಿನಿಂದ ಹೇಳಬೇಕು? ಲಕ್ಷ್ಮಿಯ ಕಡೆಯಿಂದ ಹೇಳಿದರೆ ಸಿಕ್ಕಿಬೀಳುವ ಭಯದ ಕಥೆಯಾಗುತ್ತದೆ. ರೈಟರ್ ಕಡೆಯಿಂದ ಹೇಳಿದರೆ ನಿಜ ಬರೆಯಬೇಕೋ, ಕಂಡೂ ಕಾಣದಂತೆ ಇರಬೇಕೋ ಅನ್ನುವ ಕಥೆಯಾಗುತ್ತದೆ. ಎರಡೂ ಚೆನ್ನಾಗಿವೆ. ನನಗೆ ಮಾತ್ರ ಮೂರನೆಯವಳೇ ಹೆಚ್ಚು ಬೇಕು. ಗಂಗೆಗೆ ಸೊಸೆ ಏನು ಮಾಡುತ್ತಿದ್ದಾಳೆ ಅಂತ ಯಾರೂ ಹೇಳಿಲ್ಲ. ಆದರೆ ಅಷ್ಟು ವರ್ಷ ಹಣ್ಣು ಕೊಯ್ದ ಅವಳಿಗೆ ತನ್ನ ಕೈಯ ಅಳತೆ ಗೊತ್ತು. ಅವಳ ಕಡೆಯಿಂದ ಆ ಸಂಜೆ ಹೀಗಿರಬಹುದು:

ರೈಟರ್ ಗೋಣಿಯನ್ನು ಕೊಕ್ಕೆಗೆ ಸಿಕ್ಕಿಸಿದ. ಮುಳ್ಳು ಅಲ್ಲಾಡಿ ನಿಂತಿತು.

"ಐವತ್ತಾರು. ಗೋಣಿಗೆ ಒಂದು. ಐವತ್ತೈದು."

ಗಂಗೆ ಮುಳ್ಳನ್ನೇ ನೋಡಿದಳು. ಇವತ್ತು ಅವಳು ಬುಟ್ಟಿಯನ್ನು ಐದು ಸಲ ಗೋಣಿಗೆ ಸುರಿದಿದ್ದಳು. ಆ ಬುಟ್ಟಿಗೆ ಏಳು ಕೆಜಿ. ಒತ್ತಿ ತುಂಬಿದರೂ ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

"ಅಜ್ಜೀ, ಸ್ವಲ್ಪ ಆಚೆ ನಿಲ್ಲಿ," ಅಂದ ರೈಟರ್. ಹಿಂದಿದ್ದವರು ತಮ್ಮ ಗೋಣಿ ಎಳೆದುಕೊಂಡು ಮುಂದೆ ಬಂದರು. ಲಕ್ಷ್ಮಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

ಇಲ್ಲಿ ಐದೇಳಲ ಮೂವತ್ತೈದು ಅಂತ ಬರೆದಿಲ್ಲ. ಅದನ್ನು ಓದುವವರೇ ಗುಣಿಸಿಕೊಳ್ಳುತ್ತಾರೆ. ಗುಣಿಸಿದ ಮರುಗಳಿಗೆ ಅವರು ಗಂಗೆಯ ಜಾಗದಲ್ಲಿ ನಿಂತಿರುತ್ತಾರೆ. ಇದರ ಬದಲಿಗೆ "ಸೊಸೆಯ ತ್ಯಾಗ ಕಂಡು ಗಂಗೆಯ ಕಣ್ಣು ತುಂಬಿ ಬಂತು" ಅಂತ ಬರೆದರೆ ಎಲ್ಲ ಅಲ್ಲಿಗೇ ಮುಗಿಯಿತು. ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಅದೂ ಅಲ್ಲದೆ, ಗಂಗೆಗೆ ಕಣ್ಣು ತುಂಬಿ ಬರುತ್ತದೆ ಅಂತ ಯಾಕೆ ಅಂದುಕೊಳ್ಳಬೇಕು? ಅವಳಿಗೆ ಅವಮಾನ ಆಗಿರಬಹುದು. ಸಿಟ್ಟು ಬಂದಿರಬಹುದು. ತನ್ನ ದುಡಿಮೆ ಮುಗಿಯಿತು ಅಂತ ಬೇರೆಯವರು ತೀರ್ಮಾನ ಮಾಡಿದ್ದನ್ನು ಅವಳು ಆ ಮುಳ್ಳಿನಲ್ಲಿ ನೋಡಿದ್ದಾಳೆ. ಮರುದಿನ ಅವಳು ತನ್ನ ಗೋಣಿಯನ್ನು ಲಕ್ಷ್ಮಿಯಿಂದ ನಾಲ್ಕು ಸಾಲು ಆಚೆ ಇಟ್ಟುಕೊಂಡರೆ ಸಾಕು, ಒಂದು ಮಾತೂ ಆಡದೆ ಜಗಳ ಶುರುವಾಗುತ್ತದೆ. ಮಧ್ಯಾಹ್ನ ಲಕ್ಷ್ಮಿ ಹಣ್ಣು ತೆಗೆದುಕೊಂಡು ಎಲ್ಲರ ಕಣ್ಣೆದುರು ಆ ನಾಲ್ಕು ಸಾಲು ದಾಟಬೇಕು.

ಯಾರ ಕಣ್ಣಿನಿಂದ ಹೇಳಬೇಕು ಅನ್ನುವುದಕ್ಕೆ ನಾನು ನೋಡುವುದು ಎರಡನ್ನು. ಯಾರಿಗೆ ಕಳೆದುಕೊಳ್ಳುವುದು ಜಾಸ್ತಿ ಇದೆ, ಮತ್ತು ಯಾರಿಗೆ ವಿಷಯ ನಿಧಾನವಾಗಿ ತಿಳಿಯುತ್ತದೆ. ಮೊದಲೇ ಎಲ್ಲ ಗೊತ್ತಿರುವವರು ಕಥೆ ಹೇಳಿದರೆ ಅವರು ಬೇಕೆಂದೇ ಏನನ್ನೋ ಮುಚ್ಚಿಡಬೇಕಾಗುತ್ತದೆ. ಗಂಗೆಗೆ ಗೊತ್ತಾಗುವುದೂ ಓದುವವರಿಗೆ ಗೊತ್ತಾಗುವುದೂ ಒಂದೇ ಹೊತ್ತಿಗೆ ಆದರೆ ಮುಚ್ಚಿಡುವ ಕೆಲಸವೇ ಇಲ್ಲ.

ಇನ್ನು ಕೆಲಸದ ವಿವರ ಎಷ್ಟು ಕೊಡಬೇಕು ಅನ್ನುವ ವಿಚಾರ. ಇಲ್ಲಿ ಬಹಳ ಜನ ಎಡವುತ್ತಾರೆ. ತಮಗೆ ಗೊತ್ತಿರುವುದನ್ನೆಲ್ಲ ಹೇಳಬೇಕು ಅನ್ನಿಸುತ್ತದೆ. ಕಾಫಿಯಲ್ಲಿ ಹೇಳುವುದಕ್ಕೆ ಬೇಕಾದಷ್ಟಿದೆ ಕೂಡ. ಹೂ ಮಳೆಯನ್ನೇ ತೆಗೆದುಕೊಳ್ಳಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ರೊಬಸ್ಟಾ ಗಿಡದ ಮೊಗ್ಗು ಮಳೆಗೆ ಕಾಯುತ್ತಿರುತ್ತದೆ. ಚೆನ್ನಾಗಿ ಒಂದು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅರೆಬರೆ ಮಳೆ ಬಿದ್ದು ನಿಂತರೆ ಮೊಗ್ಗು ಕೆಡುತ್ತದೆ. ಹೂ ಬಿಟ್ಟು ಸ್ವಲ್ಪ ದಿನಕ್ಕೆ ಇನ್ನೊಂದು ಮಳೆಯೂ ಬೇಕು. ಮಳೆ ಬರದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಕೆರೆಯಲ್ಲಿರುವ ನೀರು ಇಷ್ಟೇ, ಡೀಸೆಲ್ ಖರ್ಚು ಬೇರೆ.

ಇದನ್ನು ಹೀಗೆ ಒಂದು ಪ್ಯಾರಾ ಬರೆದು ಕಥೆಯೊಳಗೆ ಇಟ್ಟರೆ ಕೃಷಿ ಪತ್ರಿಕೆಯ ಪುಟದಂತೆ ಕಾಣುತ್ತದೆ. ಅದೇ ವಿಷಯವನ್ನು ಅದು ಬೇಕಾದವರ ಬಾಯಲ್ಲಿ, ಬೇಕಾದ ಹೊತ್ತಲ್ಲಿ ಹೇಳಿಸಿ ನೋಡಿ.

"ಇವತ್ತೂ ಮೋಟರ್ ಹಾಕಲ್ವಾ?"

"ಮೋಡ ನೋಡು. ರಾತ್ರಿ ಬರುತ್ತೆ."

"ಮೊನ್ನೆಯೂ ಇದನ್ನೇ ಹೇಳಿದ್ರಿ."

"ಹಾಕಿದ ಮೇಲೆ ಮಳೆ ಬಂದ್ರೆ ಅಷ್ಟು ಡೀಸೆಲ್ ಸುಮ್ನೆ ಹೋಯ್ತು."

"ಬರದಿದ್ರೆ?"

ಇಲ್ಲಿ ಹೂವಿಗೆ ನೀರು ಬೇಕು, ನೀರಿಗೆ ದುಡ್ಡು ಬೇಕು, ದುಡ್ಡು ಜಾಸ್ತಿ ಇಲ್ಲ, ಗಂಡ ಹೆಂಡತಿ ಎಷ್ಟೋ ದಿನದಿಂದ ಇದೇ ಮಾತಾಡುತ್ತಿದ್ದಾರೆ, ಇಷ್ಟೂ ಬಂತು. ರೊಬಸ್ಟಾ ಅನ್ನುವ ಪದವೂ ಬೇಕಾಗಲಿಲ್ಲ. ಚಿಕ್ಕಮಗಳೂರಿನವರೋ ಸಕಲೇಶಪುರದವರೋ ಓದಿದರೆ ಇನ್ನೂ ಹೆಚ್ಚು ಅರ್ಥವಾಗುತ್ತದೆ, ವಿಜಯಪುರದವರಿಗೆ ಅಷ್ಟು ಅರ್ಥವಾಗದಿದ್ದರೂ ಕಥೆ ನಿಲ್ಲುವುದಿಲ್ಲ. ಮಳೆಗೆ ಕಾಯುವುದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿವರವನ್ನು ಹೇಳಲು ಒಳ್ಳೆಯ ಜಾಗಗಳು ಮೂರು ನಾಲ್ಕಿವೆ: ಜಗಳದಲ್ಲಿ, ಹೊಸಬರಿಗೆ ಕೆಲಸ ಕಲಿಸುವಾಗ, ಏನೋ ತಪ್ಪಾದಾಗ, ಯಾರೋ ಸುಳ್ಳು ಹೇಳುವಾಗ. ಒಂಟಿ ಬಿದಿರಿನ ಏಣಿ ಹತ್ತಿ ಕರಿಮೆಣಸು ಕೊಯ್ಯುವುದು ಹೇಗೆ ಅಂತ ವರ್ಣಿಸುವುದಕ್ಕಿಂತ, ಅಸ್ಸಾಂನಿಂದ ಬಂದ ಹುಡುಗ ಮೊದಲ ದಿನ ಆ ಏಣಿಯ ಕೆಳಗೆ ನಿಂತು ಮೇಲೆ ನೋಡುವುದನ್ನು ಬರೆಯಿರಿ. ಅವನಿಗೆ ಯಾರು ಏನು ಹೇಳಿಕೊಡುತ್ತಾರೆ, ಯಾರು ಹೇಳಿಕೊಡದೆ ನೋಡುತ್ತಾ ನಿಲ್ಲುತ್ತಾರೆ ಅನ್ನುವುದರಲ್ಲಿ ಕೆಲಸವೂ ಬಂತು, ಮನುಷ್ಯರೂ ಬಂದರು.

ಕೆಲಸದ ಗಡುವನ್ನೇ ಕಥೆಯ ಗಡುವಾಗಿ ಇಟ್ಟುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಕಣದಲ್ಲಿ ಕಾಫಿ ಹರಡಿರುವಾಗ ಡಿಸೆಂಬರ್‌ನಲ್ಲಿ ಅಕಾಲ ಮಳೆಯ ಮೋಡ ಬಂದರೆ ಟಾರ್ಪಾಲು ಎಳೆಯಲು ಇರುವುದು ಕೆಲವೇ ನಿಮಿಷ. ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಕಾಫಿಯನ್ನು ತೊಟ್ಟಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ಮನೆಯಲ್ಲಿ ಏನೇ ಆಗಿದ್ದರೂ ಬೆಳಿಗ್ಗೆ ಅದನ್ನು ತೊಳೆಯಲೇಬೇಕು. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಲೈನ್‌ಮ್ಯಾನ್‌ಗೆ ಹತ್ತು ಕಡೆಯಿಂದ ಫೋನ್. ಒಬ್ಬರ ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆ, ಇನ್ನೊಬ್ಬರ ಮನೆಯಲ್ಲಿ ನಾಳೆ ಮದುವೆ. ಮೊದಲು ಯಾವ ಲೈನ್ ಹಿಡಿಯಬೇಕು? ಆ ಮದುವೆ ಮನೆ ಲೈನ್‌ಮ್ಯಾನ್‌ನ ಅಕ್ಕನದ್ದೇ ಆಗಿದ್ದರೆ? ಸಂಪಾಜೆ ಘಾಟಿಯಲ್ಲಿ ಬಸ್ಸು ಓಡಿಸುವವರು, ಹೋಂಸ್ಟೇನಲ್ಲಿ ಅಡುಗೆ ಮಾಡುವವರು, ಬ್ಯಾಂಕಿನಲ್ಲಿ ಒಡವೆ ಸಾಲದ ಕೌಂಟರ್‌ನಲ್ಲಿ ಕೂರುವವರು, ಎಲ್ಲರ ದಿನದಲ್ಲೂ ಇಂಥ ಗಡುವುಗಳಿವೆ.

ಕೊಡಗಿನಲ್ಲಿ ಬರೆಯುವವರಿಗೆ ಬೇರೆಡೆ ಇಷ್ಟು ಇಲ್ಲದ ಒಂದು ಸಮಸ್ಯೆ ಇದೆ, ಭಾಷೆ. ಸಂಜೆ ಕಣದಲ್ಲಿ ನಿಂತರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತವೆ. ಮನೆಯೊಳಗೆ ಕೊಡವ ತಕ್ಕ್ ಅಥವಾ ಅರೆಭಾಷೆ, ರೈಟರ್ ಜೊತೆ ಕನ್ನಡ, ಲಾರಿಯವರ ಜೊತೆ ಮಲಯಾಳಂ, ಬುಡಕಟ್ಟಿನ ಯರವರ ನಡುವೆ ಅವರದೇ ಮಾತು, ಹೊರರಾಜ್ಯದಿಂದ ಬಂದವರ ಜೊತೆ ಹಿಂದಿ. ಇದೆಲ್ಲವನ್ನೂ ಕನ್ನಡ ಕಥೆಯಲ್ಲಿ ಹೇಗೆ ತರುವುದು? ಕೊಡವ ತಕ್ಕ್‌ನ ಮಾತುಗಳನ್ನು ಹಾಗೇ ಬರೆದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಅದರ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವೂ ಇಲ್ಲ. ಎಲ್ಲರ ಬಾಯಲ್ಲೂ ಮೈಸೂರಿನ ಕನ್ನಡ ಹಾಕಿದರೆ ಊರೇ ಇಲ್ಲದಂತಾಗುತ್ತದೆ.

ನನಗೆ ಸರಿ ಅನ್ನಿಸುವ ದಾರಿ ಇದು. ಮಾತನ್ನು ಸರಳ ಕನ್ನಡದಲ್ಲಿ ಬರೆಯಿರಿ. ಕರೆಯುವ ಮಾತು, ತಿಂಡಿಯ ಹೆಸರು, ಹಬ್ಬದ ಹೆಸರು, ಕೆಲಸದ ಪದ, ಇವನ್ನು ಮಾತ್ರ ಇದ್ದ ಹಾಗೇ ಇಡಿ. ಕಡುಂಬುಟ್ಟು ಅಂದರೇನು ಅಂತ ಪಕ್ಕದಲ್ಲಿ ವಿವರಣೆ ಬೇಡ. ಹಬೆಯಾಡುತ್ತಿರುವುದನ್ನು ತಟ್ಟೆಗೆ ಹಾಕಿ ಪಂದಿ ಕರಿಯಲ್ಲಿ ಅದ್ದಿ ತಿಂದರೆ ಅರ್ಥವಾಗಿಯೇ ಆಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಯಾರು ಯಾವಾಗ ಭಾಷೆ ಬದಲಿಸುತ್ತಾರೆ ಅನ್ನುವುದನ್ನು ಕಥೆಯೊಳಗಿನ ನಡೆಯಾಗಿ ಬಳಸಿಕೊಳ್ಳುವುದು. ಅಣ್ಣ ತಮ್ಮ ಇಬ್ಬರೂ ಕಣದ ಪಕ್ಕ ನಿಂತು ತೋಟ ಪಾಲು ಮಾಡುವ ವಿಷಯಕ್ಕೆ ಕೊಡವ ತಕ್ಕ್‌ನಲ್ಲಿ ಜಗಳ ಆಡುತ್ತಿದ್ದಾರೆ. ರೈಟರ್ ಬರುತ್ತಾನೆ. ಅಣ್ಣ ತಟ್ಟನೆ ಕನ್ನಡಕ್ಕೆ ತಿರುಗಿ "ಇವತ್ತು ಎಷ್ಟು ಮೂಟೆ ಆಯ್ತು?" ಅಂತ ಕೇಳುತ್ತಾನೆ. ಆ ಒಂದು ತಿರುವಿನಲ್ಲಿ ಮನೆಯ ಒಳಗು ಹೊರಗು ಎರಡೂ ಕಾಣುತ್ತದೆ. ರೈಟರ್‌ಗೆ ಕೊಡವ ತಕ್ಕ್ ಚೆನ್ನಾಗಿ ಬರುತ್ತದೆ, ಬರುವುದಿಲ್ಲ ಅಂತ ಅವರು ಅಂದುಕೊಂಡಿದ್ದಾರೆ ಅಂತ ಇಟ್ಟರೆ ಇನ್ನೊಂದು ಕಥೆಯೇ ಶುರುವಾಗುತ್ತದೆ.

ಈಗ ನಿಜಕ್ಕೂ ಕಷ್ಟದ ವಿಚಾರ, ಜನ. ಇದು ಚಿಕ್ಕ ಜಿಲ್ಲೆ. ಮದುವೆಗೆ ಹೋದರೆ, ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದರೆ ನಿಮ್ಮ ಕಥೆಯಲ್ಲಿ ಬಂದವರೇ ಎದುರಿಗೆ ಸಿಗುತ್ತಾರೆ. ಕೊಡವರಲ್ಲಿ ಹೆಸರಿಗೂ ಮೊದಲು ಮನೆತನದ ಹೆಸರು ಬರುತ್ತದೆ. ಅದೊಂದು ತಿಳಿದರೆ ಊರು, ಐನ್‌ಮನೆ (ಕುಟುಂಬದ ಮೂಲಮನೆ), ನೆಂಟರು ಎಲ್ಲ ತಿಳಿದಂತೆ. ಅರೆಭಾಷೆ ಮಾತಾಡುವ ಗೌಡರಲ್ಲೂ ಮನೆತನದ ಹೆಸರಿದೆ. ನೀವು ಕಲ್ಪಿಸಿದ ಮನೆತನದ ಹೆಸರು ಎಲ್ಲೋ ಒಂದು ಕಡೆ ನಿಜವಾಗಿಯೂ ಇದ್ದುಬಿಡಬಹುದು. ಹಾಗಾಗಿ ಪಾತ್ರಗಳಿಗೆ ಬರೀ ಕರೆಯುವ ಹೆಸರು ಸಾಕು: ಬೋಪಯ್ಯ, ಕಾವೇರಮ್ಮ, ಪೊನ್ನಪ್ಪ. ಮನೆತನದ ಹೆಸರು ಕಥೆಗೆ ಬೇಕೇ ಬೇಕು ಅಂದರೆ ಹಿರಿಯರಲ್ಲಿ ಕೇಳಿ, ಇಲ್ಲದ್ದನ್ನು ಹುಡುಕಿ ಇಡಿ.

ಹೆಸರು ಬದಲಿಸಿದರೆ ಮುಗಿಯಿತು ಅಂತಲೂ ಅಲ್ಲ. ಜನ ಗುರುತು ಹಿಡಿಯುವುದು ಹೆಸರಿನಿಂದ ಅಲ್ಲ, ಒಂದು ಎದ್ದು ಕಾ‌ಣುವ ಸಂಗತಿಯಿಂದ. ಒಂದು ಕಣ್ಣಿನ ಜೀಪು, ವಿದೇಶದಲ್ಲಿರುವ ಮಗಳು, ಕೋರ್ಟಿನಲ್ಲಿರುವ ದಾರಿಯ ತಗಾದೆ. ಮೊದಲು ಅದನ್ನು ತೆಗೆಯಬೇಕು. ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಬಹುದು, ಅಣ್ಣನ ಜಾಗಕ್ಕೆ ಅಕ್ಕನನ್ನು ತರಬಹುದು, ಊರು ಬದಲಿಸಬಹುದು. ಊರು ಬದಲಿಸಿದಾಗ ಜೊತೆಗೆ ಬದಲಾಗುವುದನ್ನೆಲ್ಲ ನೋಡಿಕೊಳ್ಳಿ. ವಿರಾಜಪೇಟೆ ಕಡೆಯ ರೊಬಸ್ಟಾ ತೋಟದ ಕಥೆಯನ್ನು ಮಾದಾಪುರದ ಕಡೆಯ ಅರೇಬಿಕಾ ತೋಟಕ್ಕೆ ಒಯ್ದರೆ ಕೊಯ್ಲು ಬೇಗ ಶುರುವಾಗುತ್ತದೆ, ಗಿಡದ ರೋಗ ಬೇರೆ, ಮನೆಯ ಮಾತೂ ಬೇರೆ ಆಗಬಹುದು. ಬಿಳಿ ಕಾಂಡಕೊರಕ ಅರೇಬಿಕಾದವರ ನಿದ್ದೆ ಕೆಡಿಸುವ ಹುಳು. ಅದರ ಚಿಂತೆಯನ್ನು ರೊಬಸ್ಟಾ ತೋಟದವರ ತಲೆಗೆ ಕಟ್ಟಿದರೆ ಬೆಳೆಗಾರರು ಅಲ್ಲಿಗೇ ಓದುವುದು ನಿಲ್ಲಿಸುತ್ತಾರೆ.

ಕೂಲಿಯವರ ಬಗ್ಗೆ, ಯರವರು ಕುರುಬರ ಬಗ್ಗೆ ಬರೆಯುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬರೆಯುವ ಹೆಚ್ಚಿನವರು ತೋಟದ ಮನೆಯಿಂದಲೋ ಪೇಟೆಯಿಂದಲೋ ಬಂದವರು. ಲೈನ್ ಮನೆಯವರು ಕಥೆಗೆ ಬಂದರೆ ಒಂದೋ ಅಳುತ್ತಾರೆ, ಇಲ್ಲವೋ ಕುಡಿಯುತ್ತಾರೆ. ನಿಜವಾಗಿ ಅವರೂ ಲೆಕ್ಕ ಹಾಕುತ್ತಾರೆ, ಹಟ ಮಾಡುತ್ತಾರೆ, ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುತ್ತಾರೆ, ತಪ್ಪು ತೀರ್ಮಾನವನ್ನೂ ಮಾಡುತ್ತಾರೆ. ಗಂಗೆಯ ಕಥೆಯಲ್ಲಿ ಅವಳ ಬಡತನವೇ ಮುಂದೆ ಬಂದರೆ ಅದು ಕನಿಕರದ ಬರಹವಾಗುತ್ತದೆ. ಅವಳ ಕೈಗೆ ಗೊತ್ತಿರುವ ತೂಕ ಮುಂದೆ ಬಂದರೆ ಅದು ಅವಳ ಕಥೆಯಾಗುತ್ತದೆ.

2018ರ ಆಗಸ್ಟ್ ಬಗ್ಗೆ ಬರೆಯಬೇಕು ಅನ್ನುವ ಆಸೆ ಇಲ್ಲಿ ಬಹಳ ಜನರಲ್ಲಿದೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ, ಕುಸಿತವನ್ನೇ ವರ್ಣಿಸಿದರೆ ಆ ಚಿತ್ರಗಳ ಮುಂದೆ ನಿಮ್ಮ ಮಾತು ನಿಲ್ಲುವುದು ಕಷ್ಟ. ಅದರ ಸುತ್ತಲಿನ ಕೆಲಸಗಳನ್ನು ನೋಡಿ. ಮನೆ ಬಿಟ್ಟು ಓಡಬೇಕಾದಾಗ ಹಟ್ಟಿಯಲ್ಲಿ ಕಟ್ಟಿದ್ದ ಹಸುವಿನ ಹಗ್ಗ ಬಿಚ್ಚಲು ಒಬ್ಬರು ವಾಪಸ್ ಹೋಗಬೇಕೇ ಬೇಡವೇ? ಪರಿಹಾರದ ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕು? ಜಮ್ಮಾ ಜಾಗವಾದರೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಾದರೆ, ಆಗ ದಾಖಲೆ ಸಾಮಾನ್ಯವಾಗಿ ಇದ್ದದ್ದು ಕುಟುಂಬದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಲ್ಲಿ, ಹಕ್ಕು ಕುಟುಂಬದ ಎಲ್ಲರದ್ದು. ಗುಡ್ಡ ಜಾರಿದ ಜಾಗದಲ್ಲಿ ಗಡಿಯೇ ಉಳಿದಿಲ್ಲ. ಅಷ್ಟು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮ ಒಂದೇ ಅರ್ಜಿಗೆ ಸಹಿ ಹಾಕಲು ಒಂದೇ ಬೆಂಚಿನಲ್ಲಿ ಕೂರಬೇಕು. ಅಲ್ಲಿಂದ ಶುರುಮಾಡಿ. ಗುಡ್ಡ ಅವರ ಮಾತಿನೊಳಗೆ ತಾನಾಗಿ ಬರುತ್ತದೆ.

ಸಾಮಗ್ರಿ ಕೂಡಿಡುವುದಕ್ಕೆ ಒಂದು ಚಿಕ್ಕ ಪುಸ್ತಕ ಸಾಕು, ಮೊಬೈಲ್ ಆದರೂ ಆದೀತು. ಅದರಲ್ಲಿ ನಿಮಗೆ ಏನನ್ನಿಸಿತು ಅಂತ ಬರೆಯಬೇಡಿ. ಏನು ಕೇಳಿಸಿತು, ಕೈ ಏನು ಮಾಡುತ್ತಿತ್ತು, ಎಷ್ಟು ರೇಟು, ಯಾರು ಯಾರ ಎದುರಿಗೆ ಕೂರಲಿಲ್ಲ, ಇಂಥದ್ದನ್ನು ಬರೆದಿಡಿ. ಅನ್ನಿಸಿದ್ದು ಆಮೇಲೂ ನೆನಪಾಗುತ್ತದೆ. ಆಡಿದ ಮಾತಿನ ಸರಿಯಾದ ಪದ ಸಂಜೆಯೊಳಗೆ ಮರೆತುಹೋಗುತ್ತದೆ.

ಬರೆದು ಮುಗಿಸಿದ ಮೇಲೆ ಪತ್ರಿಕೆಗೆ ಕಳಿಸುವ ಮೊದಲು, ಆ ಕೆಲಸ ಮಾಡುವವರೊಬ್ಬರಿಗೆ ಓದಿ ಹೇಳಿ. ಕಥೆ ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೆ ಅಂತ ನೋಡಿ. ಗಂಗೆಯ ಕಥೆ ಕೇಳಿದ ಕೊಯ್ಲಿನ ಹೆಂಗಸೊಬ್ಬಳು "ಊಟದ ಹೊತ್ತಲ್ಲಿ ಸುರಿದ್ರೆ ಎಲ್ರಿಗೂ ಕಾಣುತ್ತಲ್ಲ, ಹಣ್ಣು ಆರಿಸೋ ಹೊತ್ತಲ್ಲಿ ತಾನೇ ಸುರಿಯೋದು?" ಅಂತ ಕೇಳಬಹುದು. ಆ ಒಂದು ಮಾತಿಗೆ ನಿಮ್ಮ ಮಧ್ಯಾಹ್ನದ ದೃಶ್ಯ ಬಿದ್ದುಹೋಗುತ್ತದೆ. ಆದರೆ ಹಣ್ಣು ಆರಿಸುವ ಹೊತ್ತಿಗೆ ಎಲ್ಲರೂ ಪಕ್ಕಪಕ್ಕದಲ್ಲೇ ಕೂತಿರುತ್ತಾರೆ, ಗಂಗೆಯೂ ಅಲ್ಲೇ ಇರುತ್ತಾಳೆ. ಹಾಗಾದರೆ ಅವಳಿಗೆ ತೂಕಕ್ಕೂ ಮೊದಲೇ ಗೊತ್ತಾಗಿರಬೇಕು. ಗೊತ್ತಿದ್ದೂ ಸುಮ್ಮನಿದ್ದಳಾ? ಎಷ್ಟು ದಿನದಿಂದ? ಕೂತು ಅಲ್ಲಿಂದ ಮತ್ತೆ ಬರೆಯಿರಿ.